ಸಂಧಿಯ ಸೊಗಸು

ಕ್ಯಾಲಮೈನ್ ಲೋಷನ್ನಿನಲ್ಲಿಯೂ ರಬ್ಬರಿನ ಟೈರಿನಲ್ಲಿಯೂ ಅಡಗಿ ಕುಳಿತು, ತನ್ನ ಹೆಸರನ್ನು ಯಾರ ಬಾಯಿಗೂ ತಾರದೆ ಲೋಕೋಪಯೋಗಿಯಾಗಿರುವ ಸತುವಿನ ಆಕ್ಸೈಡೆಂಬ ಬಿಳಿಯ ಪುಡಿಗೆ ನಾನು ಮನಸೋತು ಬಹುಕಾಲವಾಯಿತು. ಅದರಲ್ಲಿಯೂ ಅಖಂಡವಾಗಿ ಬೆಳೆದ ಒಂಟಿ ಸ್ಫಟಿಕಕ್ಕಿಂತ, ಅಸಂಖ್ಯ ಕಣಗಳು ಒಂದನ್ನೊಂದು ಒತ್ತಿಕೊಂಡು, ಒಂದೊಂದೂ ತನ್ನದೇ ದಿಕ್ಕಿಗೆ ಮುಖಮಾಡಿ ನಿಂತಿರುವ ಬಹುಸ್ಫಟಿಕದ ತೆಳುಪದರವೇ ನನಗೆ ಪ್ರಿಯತರವಾದುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಮಾಣು ಬಲ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಲೋಹ ಲೇಪಿಸಿದ ಸೂಜಿಮೊನೆಯನ್ನು ಆ ಪದರದ ಮೇಲೆ ಇಳಿಸುವ ಕೆಲಸದ ಸುಖವನ್ನು ಏನೆಂದು ಹೇಳಲಿ! ಒತ್ತಿದ ಸ್ಫಟಿಕದಿಂದ ವಿದ್ಯುತ್ತು ಹೊಮ್ಮುವುದನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡರಷ್ಟೆ. ಇಲ್ಲಿ ನಡೆಯುವುದು ಅದರ ವಿಲೋಮ ವ್ಯಾಪಾರ. ಮೊನೆಯ ಮೂಲಕ ವಿದ್ಯುತ್ತನ್ನು ಉಣಿಸಿದೊಡನೆ ಕೆಳಗಿನ ಕಣವು ಉಬ್ಬುತ್ತದೆ, ಕುಗ್ಗುತ್ತದೆ. ಒಂದು ವೋಲ್ಟಿಗೆ ಸುಮಾರು 12 ಪಿಕೋಮೀಟರ್ ಮಾತ್ರ, 5 ವೋಲ್ಟ್ ಕೊಟ್ಟರೂ ಒಂದು ಪರಮಾಣುವಿನ ಅಗಲವನ್ನು ಮುಟ್ಟದಷ್ಟು. ಆ ಅತ್ಯಲ್ಪ ಸ್ಪಂದನವನ್ನು ಗದ್ದಲದ ನಡುವಿನಿಂದ ಹೆಕ್ಕಿ ತೆಗೆಯುವ ಲಾಕ್-ಇನ್ ಆಂಪ್ಲಿಫೈಯರು ಸಾಲುಸಾಲಾಗಿ ಚಿತ್ರ ಬಿಡಿಸುತ್ತಿರಲು, ಒಂದು ಕಣ ಉಬ್ಬುವ ಗಳಿಗೆಗೆ ಅದರ ಮಗ್ಗುಲಿನದು ಕುಗ್ಗುತ್ತಿರುವುದು ತೆರೆಯ ಮೇಲೆ ಮೂಡುತ್ತದೆ: ಒಂದರಲ್ಲಿ ಸತುವಿನ ಪದರ ಮೇಲ್ಮುಖ, ಇನ್ನೊಂದರಲ್ಲಿ ಆಮ್ಲಜನಕದ ಪದರ ಮೇಲ್ಮುಖ.

ಅದೇ ಮೊನೆಯಿಂದ ಪ್ರವಾಹವನ್ನು ಅಳೆಯತೊಡಗಿದರೆ ಕಥೆಯೇ ಬೇರೆ. ಕಣದೊಳಗೆ ಸಲೀಸಾಗಿ ಹರಿಯುವ ವಿದ್ಯುತ್ತು ಎರಡು ಕಣಗಳ ಸಂಧಿಗೆ ಬಂದೊಡನೆ ತಡೆದು ನಿಲ್ಲುತ್ತದೆ. ಏಕೆಂದರೆ ಅಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಇಕ್ಕೆಲದಲ್ಲಿಯೂ ತಡೆಗೋಡೆಯನ್ನೆಬ್ಬಿಸಿರುತ್ತವೆ. ನಾನು ಹುಟ್ಟಿದ ಚನ್ನಗಿರಿಯ ಸೀಮೆಯಲ್ಲಿ ಸೂಳೆಕೆರೆಯ ನೀರು ಅಂಚು ಮುಟ್ಟುವವರೆಗೂ ಒಳಗೇ ನಿಂತು, ಮುಟ್ಟಿದ ಮೇಲೆ ಕೋಡಿಬಿದ್ದು ಧುಮುಕುವಂತೆ, ಬಿಸ್ಮತ್ ಆಕ್ಸೈಡ್ ಮೊದಲಾದವನ್ನು ಬೆರೆಸಿ ಸುಟ್ಟ ಬಿಲ್ಲೆಯಲ್ಲಿ ಸಂಧಿಯೊಂದಕ್ಕೆ ಸುಮಾರು 3 ವೋಲ್ಟ್ ಮೀರಿತೋ, ಪ್ರವಾಹ ಒಮ್ಮೆಗೇ ನುಗ್ಗುತ್ತದೆ. ಜಪಾನಿನ ಮತ್ಸುವೋಕ 1971ರಲ್ಲಿ ಪ್ರಕಟಿಸಿದ ಈ ಗುಣವನ್ನು ಬೆಂಗಳೂರಿನಲ್ಲಿ ಟಿ. ಆರ್. ಎನ್. ಕುಟ್ಟಿಯವರು ತಾಮ್ರ ಬೆರೆಸಿದ ಮಾದರಿಗಳಲ್ಲಿಯೂ ಪರಿಶೀಲಿಸಿದರು. ಮುಂಗಾರಿನ ಗುಡುಗಿಗೆ ಅಡಕೆ ತೋಟಗಳ ಮೇಲೆ ಸಿಡಿಲೆರಗುವ ನಮ್ಮ ಕಡೆ, ಟ್ರಾನ್ಸ್‌ಫಾರ್ಮರನ್ನು ಕಾಯುವ ಈಗಿನ ಅರೆಸ್ಟರುಗಳೊಳಗೆ ಇಂಥ ಬಿಲ್ಲೆಗಳನ್ನೇ ಒಂದರ ಮೇಲೊಂದು ಪೇರಿಸಿರುತ್ತಾರೆ. ದಿನವೆಲ್ಲ ಪ್ರವಾಹಕ್ಕೆ ಅಡ್ಡನಿಂತು, ಸಿಡಿಲಿನ ಕ್ಷಣದಲ್ಲಿ ಅದನ್ನು ನೆಲಕ್ಕಿಳಿಸಿ, ಮರುಕ್ಷಣವೇ ಮತ್ತೆ ಮುಚ್ಚಿಕೊಳ್ಳುವ ಆ ಶಕ್ತಿಯೆಲ್ಲ ಇರುವುದು ಸಂಧಿಯಲ್ಲಿ. ಬಹುಸ್ಫಟಿಕವನ್ನು ಅಪೂರ್ಣವೆಂದು ಬದಿಗೆ ಸರಿಸುವ ಅಭಿಪ್ರಾಯ, ಆದುದರಿಂದಲೇ, ನನಗೆ ಎಂದಿಗೂ ಒಪ್ಪಿಗೆಯಾಗಲಿಲ್ಲ.

ನೇರಳಾತೀತ ಬೆಳಕು ತಗುಲಿದರೆ ಕಣಗಳ ಮೈಗಂಟಿದ ಆಮ್ಲಜನಕ ಕಳಚಿ, ಏರಿದ ವಾಹಕತೆ ಗಂಟೆಗಟ್ಟಲೆ ಇಳಿಯದು. ಮಾದರಿಯನ್ನು ರಾತ್ರಿಯೆಲ್ಲ ಕತ್ತಲೆಯಲ್ಲಿರಿಸಿಯೇ ಪ್ರವಾಹದ ನಕ್ಷೆ ತೆಗೆಯಬೇಕು. ಅದನ್ನು ಸ್ಪಂದನದ ನಕ್ಷೆಯ ಮೇಲಿರಿಸಿ, ಯಾವ ಮುಖದ ಕಣ ಯಾವ ನೆರೆಯೊಡನೆ ಎಂಥ ತಡೆಗೋಡೆ ಕಟ್ಟಿದೆಯೆಂದು ಸಂಧಿಸಂಧಿಯಾಗಿ ಓದುತ್ತ ಹೋಗುವುದು ನನಗೆ ಎಲ್ಲಕ್ಕಿಂತ ರುಚಿಸುವ ಕೆಲಸ. ಮೊನೆಯನ್ನು ಹಗುರವಾಗಿ ಊರಿ, ನಿಧಾನವಾಗಿ ನಡೆಸಿದಷ್ಟೂ ಅದರ ಲೋಹಲೇಪ ಸವೆಯದೆ, ಸಂಧಿಯ ಗೆರೆಗಳು ಸ್ಫುಟವಾಗಿ ಬರುತ್ತವೆ.