ಹಂದಿ ಕಾಯೋಕೆ ಯಾವ ಕೋವಿ?

ಹೊಲದ ಕಥೆ, ಭಾಗ 6 🌽

ಅಮೆರಿಕದ ಯಾರೋ ಒಬ್ಬ ಗ್ಯಾರೇಜಲ್ಲೇ ಸಣ್ಣ ಕ್ಯಾಲಿಬರ್ ರೈಫಲ್ ಜೋಡಿಸಿ, ದೂರದ ಪ್ರೇರಿ ಡಾಗ್ ಹೊಡೆಯೋ ರೀಲ್ಸ್ ನಿಮ್ಮಲ್ಲಿ ನಾಲ್ಕೈದು ಜನ ಕಳಿಸಿದ್ರಿ. "ಗುಂಡ್ಲುಪೇಟೆ ಹಂದಿಗೂ ಇಂಥದ್ದೊಂದು ಬೇಕು ಕಣೋ" ಅಂತ ಬೇರೆ ಬರೆದಿದ್ರಿ. ಉತ್ತರ ಉದ್ದ ಇದೆ, ಓದ್ತಾ ಹೋಗಿ.

ಅಂಥ ತೋಟಾಗೆ 'ವೈಲ್ಡ್‌ಕ್ಯಾಟ್' ಅಂತಾರೆ. ಅಂದ್ರೆ ಯಾವ ಕಾರ್ಖಾನೆಯೂ ತಯಾರಿಸದ, ಹವ್ಯಾಸಿಗಳೇ ಹಳೇ ತೋಟಾ ಮಾರ್ಪಡಿಸಿ ಮಾಡ್ಕೊಂಡಿದ್ದು. ಅದಕ್ಕೆ ತಕ್ಕ ರೈಫಲ್ಲನ್ನೂ ಅವರೇ ಹೊಂದಿಸ್ಕೋತಾರೆ. .22-250 ಅನ್ನೋದು ಎಷ್ಟೋ ವರ್ಷ ಹೀಗೇ ಇತ್ತು, 1965ರಲ್ಲಿ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂತು. ಹಗಲು, ಬಯಲು, ಒಂದು ಕೆಜಿ ಆಸುಪಾಸಿನ ಪ್ರಾಣಿ. ಆ ರೈಫಲ್ ಹುಟ್ಟಿದ್ದು ಈ ಲೆಕ್ಕಕ್ಕೆ.

ಈಗ ನಮ್ಮ ಲೆಕ್ಕ ನೋಡಿ. ಕತ್ತಲು, ಆಳೆತ್ತರದ ಜೋಳ, ಗುಂಪಾಗಿ ಬರೋ ಹಂದಿ. ದೊಡ್ಡ ಗಂಡು ನೂರು ಕೆಜಿ ದಾಟುತ್ತೆ. ಪಕ್ಕದ ಹೊಲದ ಅಟ್ಟಣೆ ಮೇಲೆ ಇನ್ನೊಬ್ಬರ ಅಪ್ಪ ಕೂತಿರ್ತಾರೆ. ಗುರಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರ್ ದಾಟಿ ಹೋಗುತ್ತೆ. ಎಲ್ಲಿಗೆ?

ಕಾನೂನಂತೂ ಇನ್ನೂ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಅಂತ ಮೊದಲು ಹೇಳಿರೋದು ಬಾಯಿಂದ ಮದ್ದು ತುಂಬೋ ಕೋವಿ. ಲೈಸೆನ್ಸ್ ಇಲ್ದೆ ಬಂದೂಕು ತಯಾರಿಸಿದ್ರೆ, 2019ರ ತಿದ್ದುಪಡಿ ಪ್ರಕಾರ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಕೋವಿ ಲೈಸೆನ್ಸ್ ಇದ್ರೂ ಹಂದಿ ಹೊಡೆಯೋಕೆ ಅರಣ್ಯ ಇಲಾಖೆ ಅನುಮತಿ ಬೇಕು. ಪಕ್ಕದ ಕೇರಳದಲ್ಲಿ 2022ರಲ್ಲಿ ಆ ಅನುಮತಿ ಕೊಡೋ ಅಧಿಕಾರನ ಪಂಚಾಯ್ತಿ ಅಧ್ಯಕ್ಷರಿಗೂ ಕೊಟ್ರು. ನಮ್ಮಲ್ಲಿ ಹಾಗಿಲ್ಲ.

ನಮ್ಮ ತಾತನಿಗೆ ಅಂಥದ್ದೊಂದು ಕೋವಿ ಇತ್ತು. ಒಂದು ಸಲ ಢಂ ಅಂದ್ರೆ ಮತ್ತೆ ತುಂಬೋ ಹೊತ್ತಿಗೆ ಹಂದಿ ಮೂರು ಹೊಲ ದಾಟಿರೋದು. ಸದ್ದಿಗೇ ಅದು ಇದ್ದಿದ್ದು. ಎಲೆಕ್ಷನ್ ಬಂತು ಅಂದ್ರೆ ಅದನ್ನೂ ಸ್ಟೇಷನ್ನಿಗೆ ಒಪ್ಪಿಸ್ಬೇಕು. ಹಂದಿಗೆ ನೀತಿ ಸಂಹಿತೆ ಗೊತ್ತಾ? 😅

ಕೋವಿ ಇಲ್ಲದವರಲ್ಲಿ ಕೆಲವರು ಲೈನ್ ಕರೆಂಟನ್ನೇ ಬೇಲಿಗೆ ಎಳೀತಾರೆ, ಸಿಡಿಮದ್ದಿನ ಉಂಡೆ ಇಡ್ತಾರೆ. ಅದಕ್ಕೆ ಹಂದಿ ಯಾವುದು, ಹಸು ಯಾವುದು, ಆನೆ ಯಾವುದು, ನೀರು ಕಟ್ಟೋಕೆ ಹೋದ ಮನೆ ಮಗ ಯಾರು ಅಂತ ತಿಳಿಯಲ್ಲ. ಸೋಲಾರ್ ಬೇಲಿ ಬಿಟ್ಟು ಬಿಟ್ಟು ಹೊಡೆಯುತ್ತೆ, ಹೆದರಿಸುತ್ತೆ, ಕೊಲ್ಲಲ್ಲ. ಈ ವ್ಯತ್ಯಾಸ ಮನೇಲಿ ಹೇಳಿ, ದಯವಿಟ್ಟು.

ನಿಜವಾಗಿ ನಮ್ಮ ಹೊಲ ಕಾಯ್ತಿರೋದು ಕೋವಿ ಅಲ್ಲ ಕಣ್ರೋ, ನಿದ್ದೆಗೆಟ್ಟ ಮನುಷ್ಯ. ತೆನೆ ಹಾಲುಗಟ್ಟಿದಾಗಿಂದ ಕಟಾವಿನವರೆಗೂ ಅಪ್ಪನ ಹತ್ರ ಇರೋದು ಒಂದು ಟಾರ್ಚು, ಒಂದು ತಗಡಿನ ಡಬ್ಬ, ನಾಲ್ಕು ಪಟಾಕಿ. ಊಟಿ ರೋಡಲ್ಲಿ ನೀವು ಸೂರ್ಯಕಾಂತಿ ಮುಂದೆ ನಿಂತು ಫೋಟೋ ತೆಗೆಸ್ಕೊಂಡ್ರಲ್ಲ, ಅದರ ಹಿಂದಿನ ಹೊಲಗಳಲ್ಲೂ ಅಟ್ಟಣೆ ಇದೆ. ಸ್ವೈಪ್ ಮಾಡಿ ನೋಡಿ.

ರೀಲ್ಸ್ ಕಳ್ಸೋದಕ್ಕಿಂತ ದೊಡ್ಡ ಕೆಲಸ ಒಂದಿದೆ. ಬೆಳೆ ಹಾಳಾದ್ರೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತೆ, ಆದ್ರೆ ಅರ್ಜಿ ಅಂದ್ರೆ ನಮ್ಮವರು ಸುಸ್ತು. 2015ರಿಂದ ಬಂಡೀಪುರ, ನಾಗರಹೊಳೆ ಸುತ್ತ 'ವೈಲ್ಡ್ ಸೇವೆ'ಯವರು ಊರಿಗೇ ಬಂದು ಆ ಅರ್ಜಿ ಹಾಕಿಸ್ತಿದಾರೆ. ನಮ್ಮ ಕೈಲೂ ಫೋನಿದೆ. ಬೆಳಿಗ್ಗೇನೇ ಹಾನಿ ಫೋಟೋ ತೆಗೀರಿ, ಪಹಣಿ ಹುಡುಕಿಕೊಡಿ, ಅರ್ಜಿ ಬರೆದುಕೊಡಿ.

ಇನ್ನೊಂದು ಮಾತು. ಚಾಮರಾಜನಗರದ ಬಸ್ಸಲ್ಲಿ, ಕೊನೇ ಬೆಂಚಲ್ಲಿ ತೂಕಡಿಸೋ ಹುಡುಗನ್ನ ಆಡ್ಕೋಬೇಡಿ. ರಾತ್ರಿ ಅವನ ಪಾಳಿ ಇದ್ದಿರಬಹುದು.

ನಿಮ್ಮೂರಲ್ಲಿ ರಾತ್ರಿ ಕಾವಲು ಹೇಗೆ? ಕೆಳಗೆ ಬರೀರಿ, ಭಾಗ 7ಕ್ಕೆ ಸೇರಿಸ್ತೀನಿ.

#ಹೊಲದಕಥೆ #ಗುಂಡ್ಲುಪೇಟೆ #ಚಾಮರಾಜನಗರ