ಬೋರಘಾಟ ಏರಿ ಇಳಿದದ್ದು

ಮುಂಬಯಿಯಲ್ಲಿ ನೆಲೆಸಿದ ನಮ್ಮಂಥವರಿಗೆ ಪುಣೆಗೆ ಹೋಗುವುದೆಂದರೆ ಪ್ರವಾಸವೇ ಅಲ್ಲ. ಊರಿಗೆ ಹೋಗುವುದು ಪ್ರಯಾಣ, ಕಾಶಿಗೆ ಹೋಗುವುದು ಯಾತ್ರೆ, ಪುಣೆಗೆ ಹೋಗುವುದು ಬರಿಯ ಹೋಗಿಬರುವುದು. ಆ ಹೋಗಿಬಂದದ್ದನ್ನೇ ಲೇಖನವಾಗಿ ಬರೆದು ನಮ್ಮ ಸಂಘದ ಪತ್ರಿಕೆಗೆ ಕಳಿಸುವ ಧೈರ್ಯ ನಮಗೆ ಹೇಗೆ ಬಂತೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ, ಆ ಶನಿವಾರ ನಮ್ಮಾಕೆಯ ಕೈಚೀಲದಲ್ಲಿದ್ದ ಒಂದು ಕಾಗದ.

ನಮ್ಮ ಮಗಳು ರೈಲ್ವೆಯ ಸಹಾಯಕ ಲೋಕೋ ಪೈಲಟ್ ಪರೀಕ್ಷೆಗೆ ಕುಳಿತಿದ್ದಳು. ಹಿಂದೆ ನಾವು ಅಸಿಸ್ಟೆಂಟ್ ಡ್ರೈವರ್ ಎನ್ನುತ್ತಿದ್ದ ಕೆಲಸ ಅದು. ಲಿಖಿತ ಪರೀಕ್ಷೆ ದಾಟಿದಳು. ಮನಸ್ಸಿನ ಸ್ಥಿರತೆಯ ಪರೀಕ್ಷೆ ದಾಟಿದಳು. ಒಳ್ಳೊಳ್ಳೆಯವರು ಮುಗ್ಗರಿಸುವ ಕಣ್ಣಿನ ಪರೀಕ್ಷೆಯನ್ನೂ ದಾಟಿದಳು. ಬುಧವಾರ ತರಬೇತಿಗೆ ಹಾಜರಾಗಬೇಕೆಂದು ಕಾಗದ ಬಂದಿತ್ತು. ಮನೆಯಲ್ಲಿ ಒಬ್ಬರ ಒಪ್ಪಿಗೆ ಮಾತ್ರ ಬರಬೇಕಾಗಿತ್ತು. ಆ ಒಬ್ಬರು ನಮ್ಮ ತಾಯಿ. ವಯಸ್ಸು ಎಪ್ಪತ್ತೆಂಟು, ಗದುಗಿನ ಕಡೆಯ ಒಕ್ಕಲುತನದ ಮನೆಯವರು. ಕಾಗದ ಬಂದಂದಿನಿಂದ ಮೊಮ್ಮಗಳೊಡನೆ ಅವರ ಮಾತು ನಿಂತಿತ್ತು. ಪುಣೆಯಲ್ಲಿ ನಮ್ಮ ತಂಗಿಯ ಮೊಮ್ಮಗುವಿನ ತೊಟ್ಟಿಲು, ಎಲ್ಲರೂ ಹೋಗಲೇಬೇಕು. ಹೀಗಾಗಿ ಮಾತು ಬಿಟ್ಟವರು, ಬಿಡಿಸಿಕೊಂಡವರು, ನಡುವೆ ಸಿಕ್ಕವರು ಎಲ್ಲ ಒಂದೇ ಗಾಡಿ ಹತ್ತಿದೆವು.

ಇಲ್ಲಿ ನಮ್ಮಾಕೆಯ ವಿಷಯವಾಗಿ ಎರಡು ಮಾತು ಹೇಳದೆ ಮುಂದುವರಿಯಲಾಗದು. ಅವರ ಕೈಚೀಲದಲ್ಲಿ ಕುಂಕುಮದ ಡಬ್ಬಿ ಇರುತ್ತದೋ ಇಲ್ಲವೋ, ಸ್ಕ್ರೂಡ್ರೈವರ್ ತಪ್ಪದೆ ಇರುತ್ತದೆ. ಮನೆಯ ಫ್ಯೂಜು ಹೋದರೆ ಕುರ್ಚಿ ಹತ್ತುವವರು ಅವರು. ಕೆಳಗೆ ಬ್ಯಾಟರಿ ಹಿಡಿದು ನಿಲ್ಲುವವರು ನಾವು. ಅವರಿಗೆ ರಂಗೋಲಿ ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಹಾಕಿದ ಒಂದು ರಂಗೋಲಿಯನ್ನು ನೋಡಿ ನೆರೆಯವರು ಹಿಟ್ಟು ಚೆಲ್ಲಿದೆಯೆಂದು ತಿಳಿಸಲು ಬಂದಿದ್ದರು. ಸಿನೇಮಾದಲ್ಲಿ ತಾಯಿ ಮಗನನ್ನು ಅಗಲುವಾಗ ನಾವು ಕರವಸ್ತ್ರ ಹುಡುಕುತ್ತೇವೆ. ಅವರು ಹಾಲಿನ ಲೆಕ್ಕ ಹಾಕುತ್ತಾರೆ. ಅಡಿಗೆ ನಮ್ಮದು. ಇದು ತ್ಯಾಗವಲ್ಲ, ರುಚಿಯ ಪ್ರಶ್ನೆ. ಮನೆಯವರೆಲ್ಲ ಕೂಡಿ ಮಾಡಿದ ನಿರ್ಣಯ. ಇಪ್ಪತ್ತೇಳು ವರ್ಷ ಹೀಗೆಯೇ ಸಂಸಾರ ಸಾಗಿದೆ. ನೆಂಟರು ಮೊದಮೊದಲು ನಕ್ಕರು, ಆಮೇಲೆ ತಮ್ಮ ಕೆಟ್ಟ ಮಿಕ್ಸರುಗಳನ್ನು ತಂದು ಅವರ ಮುಂದಿಟ್ಟರು.

ಬೆಳಗಿನ ಗಾಡಿಯನ್ನು ದಾದರಿನಲ್ಲಿ ಹಿಡಿಯಬೇಕು. ನಾವು ಮಾಟುಂಗಾದಲ್ಲಿ ಲೋಕಲ್ ಹತ್ತಿದೆವು. ಈ ಸ್ಟೇಶನ್ನಿನ ವಿಶೇಷ ನಮ್ಮ ಹೆಚ್ಚಿನ ವಾಚಕರಿಗೆ ಗೊತ್ತು. 2017ರ ಜುಲೈಯಲ್ಲಿ ಇಲ್ಲಿಯ ಟಿಕೇಟು ಕೊಡುವುದು, ತಪಾಸಣೆ, ಘೋಷಣೆ, ಕಾವಲು ಎಲ್ಲ ಕೆಲಸಗಳನ್ನೂ ಸ್ತ್ರೀಯರಿಗೆ ಒಪ್ಪಿಸಲಾಯಿತು. ಉಪನಗರದ ರೈಲಿನಲ್ಲಿ ಇಂಥ ಸ್ಟೇಶನ್ನು ದೇಶದಲ್ಲಿ ಇದೇ ಮೊದಲನೆಯದಾಯಿತು. ನಾವು ಇದನ್ನು ತಾಯಿಗೆ ತೋರಿಸಿ ಹೇಳಿದೆವು.

"ಚೀಟಿ ಹರಿಯೋದು ಬ್ಯಾರೆ, ಗಾಡಿ ಹೊಡಿಯೋದು ಬ್ಯಾರೆ," ಎಂದು ಅವರು ಅಷ್ಟರಲ್ಲೇ ಮುಗಿಸಿಬಿಟ್ಟರು.

ಕಲ್ಯಾಣ ದಾಟಿದ ಮೇಲೆ ಎಡಬಲಗಳಲ್ಲಿ ಗುಡ್ಡಗಳು ಕಾಣತೊಡಗಿದವು. ನಮ್ಮ ಕಿಟಕಿಯ ಷಟರು ಅರ್ಧಕ್ಕೆ ಸಿಕ್ಕಿಕೊಂಡು ಮೇಲೂ ಹೋಗದೆ ಕೆಳಗೂ ಬಾರದೆ ನಿಂತಿತ್ತು. ಎದುರಿನ ಸೀಟಿನ ಇಬ್ಬರು ತರುಣರು ತೋಳು ಏರಿಸಿ ಹೋರಾಡಿ ಸೋತರು. ನಮ್ಮಾಕೆ ಕೈಚೀಲ ತೆರೆದರು. ಎರಡು ನಿಮಿಷದಲ್ಲಿ ಸಹ್ಯಾದ್ರಿಯ ದರ್ಶನವಾಯಿತು. ತರುಣರು ನಮ್ಮ ಕಡೆಗೆ ತಿರುಗಿ "ಥ್ಯಾಂಕ್ಯೂ ಅಂಕಲ್" ಎಂದರು! ಯಾವ ತಪ್ಪೂ ಮಾಡದ ನಾವು ತಲೆ ತಗ್ಗಿಸಿದೆವು.

ಕರ್ಜತದಲ್ಲಿ ಗಾಡಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಜನ ಬಟಾಟೆವಡೆಗೆ ಮುಗಿಬೀಳುತ್ತಾರೆ. ಗಾಡಿಯ ಹಿಂದುಗಡೆ ನಡೆಯುವ ಕೆಲಸವನ್ನು ನೋಡುವವರು ಕಡಿಮೆ. ಇಲ್ಲಿಂದ ಮುಂದೆ ಏರು ಎಷ್ಟು ಕಡಿದೆಂದರೆ, ಕೆಲವೆಡೆ ಮೂವತ್ತೇಳು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರಿದಂತೆ. ಮುಂದಿನ ಎಂಜಿನ್ನು ಎಳೆದರೆ ಸಾಲದು, ಹಿಂದಿನಿಂದ ದೂಡಲು ಬೇರೆ ಎಂಜಿನ್ನುಗಳನ್ನು ಜೋಡಿಸುತ್ತಾರೆ. ಮಗಳು ನಮ್ಮ ಕೈಯಲ್ಲಿ ವಡೆಯ ಪೊಟ್ಟಣ ಕೊಟ್ಟು ಆ ಕಡೆಗೆ ಓಡಿದಳು. ತಾಯಿ ಕಿಟಕಿಯಿಂದ ಕತ್ತು ಚಾಚಿ ನೋಡಿದರು. ನಾವು ನೋಡಿದೆವೆಂದು ತಿಳಿದೊಡನೆ ಹಿಂದಕ್ಕೆ ಸರಿದರು.

ಪಳಸದರಿ ದಾಟಿ ಸುರಂಗಗಳು ಒಂದರ ಹಿಂದೊಂದು ಬರತೊಡಗಿದಾಗ ಮಗಳು ಈ ಘಾಟಿನ ಕಥೆಯನ್ನು ಹೇಳಿದಳು. ಹೇಳಿದ್ದು ತಮ್ಮನಿಗೆ, ಕೇಳಬೇಕಾದವರು ಅಜ್ಜಿ. ಬೋರಘಾಟದ ಕೆಲಸ ಆರಂಭವಾದದ್ದು 1856ರಲ್ಲಿ. ಸುಮಾರು ಹದಿನೈದು ಮೈಲಿಯ ದಾರಿಯಲ್ಲಿ 1,831 ಅಡಿ ಏರಬೇಕು; ಇಪ್ಪತ್ತೈದು ಸುರಂಗ ಕೊರೆಯಬೇಕು. ಮೊದಲಿನ ಗುತ್ತಿಗೆದಾರ ನಡುವೆ ಕೈಬಿಟ್ಟ. 1859ರಲ್ಲಿ ಸಾಲೊಮನ್ ಟ್ರೆಡ್‌ವೆಲ್ ಎಂಬವನು ಇಂಗ್ಲೆಂಡಿನಿಂದ ಬಂದು ಗುತ್ತಿಗೆ ಹಿಡಿದ. ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಗಂಟು ಕಟ್ಟಿಕೊಂಡು ಊರಿಗೆ ಹೋಗಲಿಲ್ಲ. ಗುತ್ತಿಗೆಯನ್ನು ತಾನು ವಹಿಸಿಕೊಂಡಳು. ಆಡಮ್‌ಸನ್, ಕ್ಲೌಸರ್ ಎಂಬ ಇಬ್ಬರು ಎಂಜಿನಿಯರರನ್ನು ಇಟ್ಟುಕೊಂಡು ಕೆಲಸ ನಡೆಸಿದಳು. 1861ರಲ್ಲಿ ನಲವತ್ತೆರಡು ಸಾವಿರ ಜನ ಈ ಬೆಟ್ಟದಲ್ಲಿ ದುಡಿಯುತ್ತಿದ್ದರು. ಕಾಲರಾದಿಂದಲೂ ಅಪಘಾತಗಳಿಂದಲೂ ಸತ್ತವರು ಬಹಳ. ಗಂಡಂದಿರು ಅಗೆದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತ ಹೆಂಗಸರಿಗಂತೂ ಹೆಸರೇ ಉಳಿದಿಲ್ಲ. 1863ರ ಏಪ್ರಿಲಿನಲ್ಲಿ ದಾರಿ ತೆರೆಯಿತು.

"ಗಂಡ ಸತ್ತ. ಪ್ರಸಂಗ ಬಂತು, ಮಾಡಿದ್ಳು. ಪ್ರಸಂಗ ಬಂದ್ರ ಯಾರೂ ಮಾಡ್ತಾರ," ಎಂದರು ತಾಯಿ, ಕಿಟಕಿಗೆ ಹೇಳಿದಂತೆ.

ಮಗಳು ತಡೆಯಲಾರದೆ ಅಜ್ಜಿಯ ಕಡೆಗೇ ತಿರುಗಿ ಇನ್ನೊಬ್ಬರ ಸಂಗತಿ ಹೇಳಿದಳು. ಸಾತಾರಾ ಜಿಲ್ಲೆಯ ರೈತರ ಮನೆಯ ಮಗಳು ಸುರೇಖಾ ಯಾದವ್ 1989ರಲ್ಲಿ ಅಸಿಸ್ಟೆಂಟ್ ಡ್ರೈವರಾಗಿ ಸೇರಿದರು. ಸರಕಿನ ಗಾಡಿ ನಡೆಸಿದರು, ಮುಂಬಯಿಯ ಲೋಕಲ್ ನಡೆಸಿದರು. 2011ರ ಮಾರ್ಚ್ 8ರಂದು ಇದೇ ಘಾಟಿನಲ್ಲಿ ಡೆಕ್ಕನ್ ಕ್ವೀನನ್ನು ಪುಣೆಯಿಂದ ಮುಂಬಯಿಗೆ ಇಳಿಸಿ ತಂದರು. 2023ರಲ್ಲಿ ಸೊಲ್ಲಾಪುರದಿಂದ ವಂದೇ ಭಾರತವನ್ನೂ ತಂದರು. ಮೂವತ್ತಾರು ವರ್ಷ ದುಡಿದು 2025ರ ಸೆಪ್ಟೆಂಬರಿನಲ್ಲಿ ನಿವೃತ್ತರಾದರು.

"ಆಕಿಗೆ ಯಾವ ಪ್ರಸಂಗನೂ ಬಂದಿರಲಿಲ್ಲ ಅಜ್ಜಿ. ಬೇಕಂತ ಮಾಡಿದ್ರು."

ಖಂಡಾಳ ಬಂತು. ಮೋಡ ಕಣಿವೆಯಿಂದ ಎದ್ದು ಗಾಡಿಯೊಳಗೇ ಬಂದಂತಾಯಿತು. ಯಾರೂ ಮಾತಾಡಲಿಲ್ಲ. ಆದರೆ ಆ ಎರಡು ಮಾತುಗಳು ನಮ್ಮ ತಲೆಯಲ್ಲಿ ಉಳಿದವು. ಪ್ರಸಂಗ ಬಂದು ಹೆಣ್ಣು ನೊಗಕ್ಕೆ ಹೆಗಲು ಕೊಟ್ಟರೆ ನಾವು ಕೈಮುಗಿಯುತ್ತೇವೆ. ಅದೇ ನೊಗವನ್ನು ಇಷ್ಟಪಟ್ಟು ಆರಿಸಿಕೊಂಡರೆ ಹಟವೆನ್ನುತ್ತೇವೆ. ಕೆಲಸ ಒಂದೇ, ನೊಗವೂ ಒಂದೇ. ಹೀಗೇಕೆಂದು ವಾಚಕರು ತಮ್ಮ ತಮ್ಮ ಮನೆಗಳಲ್ಲಿ ವಿಚಾರಿಸಿ ನೋಡಬೇಕು.

ಪುಣೆಯಲ್ಲಿ ತೊಟ್ಟಿಲ ಕಾರ್ಯ ಸಂಜೆಗೆ. ನಡುವೆ ತಾಯಿಗೆ ದಗಡೂಶೇಟ್ ಗಣಪತಿಯ ದರ್ಶನ ಮಾಡಿಸಿದೆವು. ಆ ಗುಡಿಯ ಎದುರಿಗೇ ಭಿಡೆವಾಡೆ ಇತ್ತು. 1848ರಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆಯವರು ಹೆಣ್ಣುಮಕ್ಕಳ ಶಾಲೆ ತೆರೆದ ಮನೆ. ಕುಸಿಯುತ್ತಿದ್ದ ಹಳೆಯ ಕಟ್ಟಡವನ್ನು ಸ್ಮಾರಕ ಕಟ್ಟಲೆಂದು 2023ರ ಡಿಸೆಂಬರಿನಲ್ಲಿ ತೆಗೆದುಹಾಕಿದರು. ಪಾಠ ಹೇಳಲು ಹೋಗುವ ಸಾವಿತ್ರಿಬಾಯಿಯವರ ಮೇಲೆ ಜನ ಸೆಗಣಿ, ಕೆಸರು ಎರಚುತ್ತಿದ್ದರೆಂದೂ, ಅವರು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ದು ಶಾಲೆಯಲ್ಲಿ ಉಟ್ಟುಕೊಳ್ಳುತ್ತಿದ್ದರೆಂದೂ ನಮ್ಮಾಕೆ ಹೇಳಿದರು.

ತಾಯಿ ಬಹಳ ಹೊತ್ತು ಆ ಕಡೆ ನೋಡಿ, "ದಿನಾ ಎರಡ ಸೀರಿ ಒಗೀಬೇಕಾಗಿತ್ತಲ್ಲ, ಪಾಪ," ಎಂದರು. ಮಹಾತ್ಮರ ಚರಿತ್ರೆಗಳಲ್ಲಿ ಈ ಮಾತನ್ನು ನಾವು ಓದಿರಲಿಲ್ಲ.

ಸಂಜೆ ತಂಗಿಯ ಮನೆಯಲ್ಲಿ ಹೆಂಗಸರೆಲ್ಲ ತೊಟ್ಟಿಲ ಸುತ್ತ ಕೂಡಿದ್ದರು. ಸುದ್ದಿ ಹೇಗೋ ಹಬ್ಬಿತ್ತು. "ನಾಳೆ ವರದ ಕಡೆಯವರು ಏನಂದಾರು? ಅಪರಾತ್ರ್ಯಾಗ ಡ್ಯೂಟಿ ಅಂದ್ರ ಯಾರ ಒಪ್ತಾರ?" ಎಂದಳು ತಂಗಿ. ವಾರದಿಂದ ನಮ್ಮ ತಾಯಿ ಆಡುತ್ತಿದ್ದ ಮಾತುಗಳೇ ಅವು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಬೇರೆಯವರ ಬಾಯಿಂದ ಕೇಳಿದಾಗ ಅವು ತಾಯಿಗೆ ರುಚಿಸಲಿಲ್ಲವೆಂದು ಅವರ ಮೋರೆಯಿಂದ ತಿಳಿಯಿತು.

ತಂಗಿ ಮುಂದುವರಿದಳು: "ನಮ್ಮವ್ವನೂ ಗಂಡಸಿನ್ಹಂಗ ಚಕ್ಕಡಿ ಹೊಡದಾಳ, ಅದು ಕಷ್ಟಕಾಲ..."

"ಗಂಡಸಿನ್ಹಂಗ ಅಲ್ಲ," ಎಂದರು ತಾಯಿ ಥಟ್ಟನೆ. "ನಿಮ್ಮಪ್ಪನ್ಹಂಗ ಹೊಡದಿದ್ರ ಎತ್ತ ಸತ್ತ ಹೋಗ್ತಿದ್ವು. ನಾ ನನ್ನ್ಹಂಗ ಹೊಡದೆ."

ಎಲ್ಲರೂ ನಕ್ಕರು. ತಾಯಿ ನಗಲಿಲ್ಲ.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ಡೆಕ್ಕನ್ ಕ್ವೀನ್ ಹಿಡಿದೆವು. 1930ರಿಂದ ಓಡುತ್ತಿರುವ ಹಿರಿಯ ಗಾಡಿ. ತಾಯಿ ತಾವಾಗಿಯೇ ಮೊಮ್ಮಗಳ ಪಕ್ಕದಲ್ಲಿ ಕುಳಿತರು. ಲೋಣಾವಳ ದಾಟಿ ಇಳಿಜಾರು ಆರಂಭವಾಗುತ್ತಲೂ ಗಾಡಿಯ ವೇಗ ತಗ್ಗಿತು. ತಾಯಿ ಮೊದಲ ಸಲ ಅವಳನ್ನು ನೇರವಾಗಿ ಕೇಳಿದರು:

"ಇಳ್ಯಾಗ ಕೈತಪ್ಪಿದ್ರ ಏನ ಮಾಡ್ತೀರಿ?"

ಮಗಳು ವಿವರಿಸಿದಳು. ಗಾಳಿಯ ಒತ್ತಡದ ಬ್ರೇಕು ಒಂದೊಂದು ಡಬ್ಬಿಗೂ ಇರುತ್ತದೆ. ಅದಲ್ಲದೆ ಎಂಜಿನ್ನಿನ ಮೋಟಾರುಗಳೇ ಇಳಿಯುವಾಗ ವಿದ್ಯುತ್ತು ಹುಟ್ಟಿಸುತ್ತ ಗಾಡಿಯನ್ನು ಹಿಡಿಯುತ್ತವೆ. ಘಾಟಿನಲ್ಲಿ ಏರುದಾರಿಯ ಅಡ್ಡಹಳಿಗಳಿವೆ. ಗಾಡಿ ಹತೋಟಿಯಲ್ಲಿದೆಯೆಂದು ಖಾತ್ರಿಯಾಗದೆ ಮುಖ್ಯದಾರಿ ತೆರೆಯದು. ಕೈತಪ್ಪಿದ ಗಾಡಿ ಆ ಏರಿಗೆ ಹತ್ತಿ ತಾನೇ ನಿಲ್ಲುತ್ತದೆ.

"ಹೌದು," ಎಂದರು ತಾಯಿ. "ಏರಿನ್ಯಾಗ ಎತ್ತಿಗೆ ಕಷ್ಟ, ಇಳ್ಯಾಗ ಹೊಡಿಯಾವ್ರಿಗೆ ಕಷ್ಟ. ಹಗ್ಗ ಬಿಗಿ ಹಿಡೀಬೇಕು, ಆದ್ರ ಜಗ್ಗಬಾರದು. ಜಗ್ಗಿದ್ರ ಎತ್ತು ಬೆದರ್ತಾವ."

ಆಮೇಲೆ ಆ ಚಕ್ಕಡಿಯ ಕಥೆ ಹೇಳಿದರು. ನಮ್ಮ ತಂದೆಯ ಕಾಲು ಮುರಿದ ವರ್ಷ ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ನಸುಕಿನಲ್ಲಿ ಗದುಗಿನ ಪೇಟೆಗೆ ಹೊರಡುತ್ತಿದ್ದರು. ಅಡತಿಯವನೊಡನೆ ದರ ಮಾತಾಡಿ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದರು. ಇಷ್ಟು ನಾವು ನೂರು ಸಲ ಕೇಳಿದ್ದೆವು. ಕೊನೆಯ ಭಾಗವನ್ನು ಕೇಳಿರಲಿಲ್ಲ.

"ಸುಗ್ಗಿ ಮುಗಿಯೂದ್ರಾಗ ನಿಮ್ಮಜ್ಜನ ಕಾಲು ನೆಟ್ಟಗಾತು. ಹಗ್ಗ ತಿರಿಗಿ ಅವನ ಕೈಯಾಗ ಕೊಟ್ಟೆ. ಎಲ್ಲಾರೂ, ಪಾರಾದಿ ಬಿಡವ್ವಾ ಅಂದ್ರು. ನಾನೂ ಹೌದಂದೆ." ಸ್ವಲ್ಪ ತಡೆದು, "ಆ ದಿನ ನನಗ ಊಟ ಸೇರಲಿಲ್ಲ," ಎಂದರು.

ಐವತ್ತು ವರ್ಷಕ್ಕೂ ಹಿಂದಿನ ಮಾತು. ನಮ್ಮ ಮನೆಯಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಕೇಳಬಹುದೆಂದು ನಮಗೂ ಹೊಳೆದಿರಲಿಲ್ಲ. ಹೆಂಡತಿಯ ಸ್ಕ್ರೂಡ್ರೈವರಿನ ಬಗ್ಗೆ ಊರಿಗೆಲ್ಲ ಹೇಳಿ ಉದಾರಿಗಳೆನಿಸಿಕೊಂಡ ನಾವು, ಹೆತ್ತ ತಾಯಿಗೆ ಚಕ್ಕಡಿಯ ಮೇಲೆ ಕುಳಿತುಕೊಳ್ಳುವುದು ಪ್ರೀತಿಯಾಗಿತ್ತೆಂದು ಬೋರಘಾಟದ ಇಳಿಜಾರಿನಲ್ಲಿ ತಿಳಿದುಕೊಂಡೆವು.

ಕಷ್ಟಗಳನ್ನು ಮುಚ್ಚಿಡಲಾಗದು. ಎಷ್ಟೋ ಎಂಜಿನ್ನುಗಳಲ್ಲಿ ಶೌಚದ ಅನುಕೂಲವಿಲ್ಲ. ಹೆಂಗಸರಿಗೆ ಇದು ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಹಗಲೆನ್ನದ ಪಾಳಿ. ಹಳಿ ದಾಟುವವರು ಮುಂದೆ ಬಂದುಬಿಟ್ಟರೆ ಆ ನೋಟವನ್ನು ಜೀವಮಾನವೆಲ್ಲ ಹೊರಬೇಕು. ತಾಯಿ ಇವನ್ನೆಲ್ಲ ಒಂದೊಂದಾಗಿ ಕೇಳಿದರು. ಮಗಳು ಯಾವುದನ್ನೂ ಹಗುರಮಾಡದೆ ಉತ್ತರ ಹೇಳಿದಳು. ಕೆಲವಕ್ಕೆ, "ಅದಕ್ಕ ನನ್ನ ಕಡೆ ಉತ್ತರ ಇಲ್ಲ ಅಜ್ಜಿ," ಎಂದಳು. ವರನ ಕಡೆಯವರ ಪ್ರಶ್ನೆಯನ್ನು ಮಾತ್ರ ತಾಯಿ ಕೇಳಲಿಲ್ಲ.

ಕರ್ಜತ ಬಂತು. ಬೆಟ್ಟ ಹಿಂದಾಯಿತು. ದಾದರು ಸಮೀಪಿಸುತ್ತಿದ್ದಂತೆ ತಾಯಿ ನಮ್ಮಾಕೆಯ ಕಡೆ ಕೈಚಾಚಿ ಆ ಕಾಗದವನ್ನು ತೆಗೆದುಕೊಂಡರು. ಓದಲು ಬಾರದಿದ್ದರೂ ಬಿಚ್ಚಿ ನೋಡಿ ಮತ್ತೆ ಅದೇ ಮಡಿಕೆಗೆ ಮಡಿಸಿ ಮೊಮ್ಮಗಳ ಕೈಯಲ್ಲಿಟ್ಟರು.

"ಬುಧವಾರ ಎಷ್ಟ ಗಂಟೆಕ್ಕ ಹೋಗಬೇಕು?"

"ಎಂಟಕ್ಕ ಅಲ್ಲಿರಬೇಕು ಅಜ್ಜಿ. ಆರಕ್ಕ ಮನಿ ಬಿಡಬೇಕು."

ತಾಯಿ ನಮ್ಮ ಕಡೆ ತಿರುಗಿದರು. "ಕೇಳಿದ್ಯೇನೋ ತಮ್ಮಾ? ನಾಕಕ್ಕ ಏಳು. ನಾಕ ಚಪಾತಿ ಜಾಸ್ತಿ ಮಾಡು; ಮೊದಲನೇ ದಿನ ಹೊಸಾ ಮಂದಿ ಇರ್ತಾರ, ಒಬ್ಬಾಕಿನ ಕೂತು ಉಣಬಾರದು."

ನಾವು ಆಗಲೆಂದೆವು. ಈಗ ದಿನವೂ ನಾಲ್ಕಕ್ಕೆ ಏಳುತ್ತಿದ್ದೇವೆ.