ಪ್ರೋವೋ ನಗರದಲ್ಲಿ ಕಂಡ ಒಂದು ಸಂಕಲ್ಪಪತ್ರ

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿರುವ ಯೂಟಾ ರಾಜ್ಯವು ಬಹುಮಟ್ಟಿಗೆ ಪರ್ವತಗಳ ಹಾಗೂ ಒಣಭೂಮಿಯ ನಾಡು. ಅದರ ರಾಜಧಾನಿಯಾದ ಸಾಲ್ಟ್ ಲೇಕ್ ಸಿಟಿಯಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರು ದೂರದಲ್ಲಿ, ಮೂಡಲಿಗೆ ವಾಸಾಚ್ ಪರ್ವತಶ್ರೇಣಿ, ಪಡುವಲಿಗೆ ಯೂಟಾ ಸರೋವರ, ಇವೆರಡರ ನಡುವೆ ಪ್ರೋವೋ ನಗರವು ನೆಲೆಸಿದೆ. 2012ರ ಕೊನೆಯಿಂದ ಈ ಎರಡು ನಗರಗಳ ನಡುವೆ ರೈಲು ಓಡಾಡುತ್ತಿದೆ. ದಾರಿಯಲ್ಲಿ ಲೀಹೈ ಎಂಬ ಊರು ಸಿಗುತ್ತದೆ. ಮಾರ್ಮನ್ನರ ಧರ್ಮಗ್ರಂಥದಲ್ಲಿ ಬರುವ ಒಬ್ಬ ಪ್ರವಾದಿಯ ಹೆಸರನ್ನು ಹೊತ್ತ ಈ ಊರಿನಲ್ಲಿ ಇಂದು ಗಣಕಯಂತ್ರದ ಕಂಪನಿಗಳು ತುಂಬಿಕೊಂಡಿವೆ. ನನ್ನ ತಮ್ಮನ ಮಗನೂ ಅಲ್ಲಿಯೇ ಉದ್ಯೋಗದಲ್ಲಿರುವುದರಿಂದ ಕೆಲವು ವಾರ ಆ ಪ್ರದೇಶದಲ್ಲಿ ತಂಗುವ ಯೋಗ ನನಗೆ ಒದಗಿಬಂದಿತು.

ಪ್ರೋವೋ ಸಮೀಪಿಸಿದಂತೆ ಬೆಟ್ಟದ ಪಾರ್ಶ್ವದಲ್ಲಿ ‘ವೈ’ ಎಂಬ ಆಂಗ್ಲ ಅಕ್ಷರವು ಅಚ್ಚ ಬಿಳುಪಿನಲ್ಲಿ ಗೋಚರವಾಗುತ್ತದೆ. ಎತ್ತರ ಸುಮಾರು 380 ಅಡಿ. 1906ರಲ್ಲಿ ವಿದ್ಯಾರ್ಥಿಗಳು ಬೆಟ್ಟದುದ್ದಕ್ಕೂ ಸಾಲಾಗಿ ನಿಂತು ಸುಣ್ಣ, ಮರಳುಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಮೇಲೆ ಸಾಗಿಸಿ ಅದನ್ನು ರೂಪಿಸಿದರಂತೆ. ಆ ಅಕ್ಷರವು ಬ್ರಿಗ್ಯಾಂ ಯಂಗ್ ವಿಶ್ವವಿದ್ಯಾಲಯದ ಗುರುತು. ಜನರು ರೂಢಿಯಲ್ಲಿ ಮಾರ್ಮನ್ನರೆಂದು ಕರೆಯುವ ಕ್ರೈಸ್ತ ಪಂಥವೊಂದರ ಸಭೆಯು ಈ ವಿದ್ಯಾಪೀಠವನ್ನು ನಡೆಸುತ್ತಿದೆ.

ಬ್ರಿಗ್ಯಾಂ ಯಂಗರು 1875ರಲ್ಲಿ ಒಂದು ಅಕಾಡೆಮಿಯಾಗಿ ಇದಕ್ಕೆ ಅಸ್ತಿಭಾರ ಹಾಕಿದರು. ಮರುವರ್ಷ ಅದರ ಹೊಣೆ ಹೊತ್ತವರು ಜರ್ಮನಿಯ ಮೈಸನ್ ನಗರದಲ್ಲಿ ಜನಿಸಿದ ಕಾರ್ಲ್ ಮೇಸರ್ ಎಂಬ ಶಿಕ್ಷಕರು. ಪಠ್ಯಕ್ರಮದ ವಿಷಯವಾಗಿ ಮೇಸರರು ಅಪ್ಪಣೆ ಕೇಳಿದಾಗ, ಅಕ್ಷರಮಾಲೆಯನ್ನಾಗಲಿ ಮಗ್ಗಿಯನ್ನಾಗಲಿ ದೇವರ ಚೈತನ್ಯವಿಲ್ಲದೆ ಕಲಿಸಕೂಡದೆಂಬ ಅರ್ಥದ ಉತ್ತರವನ್ನು ಯಂಗರು ಕೊಟ್ಟರೆಂದು ಅಲ್ಲಿ ಪ್ರತಿಯೊಬ್ಬರೂ ಹೇಳುತ್ತಾರೆ. ಮಗ್ಗಿಗೂ ದೇವರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ವಿದ್ಯಾಲಯದ ಅಧ್ಯಾಪಕರನ್ನು ಇಂದಿಗೂ ಕಾಡುತ್ತಿರುವ ಪ್ರಶ್ನೆ ಅದೇ ಆಗಿದೆ. ಲೆಕ್ಕಪತ್ರ, ಬಂಡವಾಳ, ಮಾರಾಟಗಳನ್ನು ಕಲಿಸುವವರಿಗಂತೂ ಅದು ಇನ್ನಷ್ಟು ತೀಕ್ಷ್ಣವಾಗಿ ತಾಗುತ್ತದೆ.

ಇಂದು ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಸಭೆಯ ಸದಸ್ಯರು ತಮ್ಮ ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆಂದು ತೆಗೆದಿರಿಸುವ ಪದ್ಧತಿಯುಂಟು. ಆ ದಶಮಾಂಶದ ಹಣವೇ ವಿದ್ಯಾಲಯಕ್ಕೆ ಮುಖ್ಯ ಆಸರೆ. ಆದಕಾರಣ ಸದಸ್ಯರ ಮಕ್ಕಳಿಗೆ ಶುಲ್ಕ ಕಡಿಮೆ, ಇತರರಿಗೆ ಸುಮಾರು ಅದರ ಇಮ್ಮಡಿ. ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ಕಚೇರಿಗಳು ಮುಚ್ಚಿ ಎಲ್ಲರೂ ಸಾಮೂಹಿಕ ಪ್ರವಚನಕ್ಕೆ ತೆರಳುತ್ತಾರೆ. ಭಾನುವಾರ ಗ್ರಂಥಾಲಯಕ್ಕೆ ಬೀಗ. ಧ್ವಜವನ್ನು ಏರಿಸುವಾಗಲೂ ಇಳಿಸುವಾಗಲೂ ನಡೆಯುತ್ತಿದ್ದವರು ನಡೆದಲ್ಲಿಯೇ ನಿಂತುಬಿಡುತ್ತಾರೆ. ಆವರಣದೊಳಗೆ ಚಹಾ, ಕಾಫಿ ಸಿಗುವುದಿಲ್ಲ; ಇದು ನಮ್ಮಂಥವರಿಗೆ ಕೊಂಚ ಕಠಿಣವಾದ ವ್ರತವೇ ಸರಿ. ಗಡ್ಡ ಬಿಡುವುದಕ್ಕೂ ಅಲ್ಲಿನ ಶೀಲಸಂಹಿತೆಯಲ್ಲಿ ನಿಷೇಧವಿದೆ. ನನ್ನ ನೀಳವಾದ ಬಿಳಿಯ ಗಡ್ಡಕ್ಕೆ ಮಾತ್ರ ಅತಿಥಿಯದೆಂಬ ಕಾರಣದಿಂದ ಯಾವ ಆಕ್ಷೇಪಣೆಯೂ ಬರಲಿಲ್ಲ.

ತಮ್ಮನ ಮಗನ ನೆರೆಮನೆಯವರು ಇದೇ ವಿದ್ಯಾಲಯದ ವ್ಯವಹಾರಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕರು. ನಲವತ್ತರ ಆಸುಪಾಸಿನ ಸೌಮ್ಯ ಸ್ವಭಾವದ ಗೃಹಸ್ಥರು. ಅವರ ಹೆಸರು ಇಲ್ಲಿ ಬೇಡ. ಒಂದು ದಿನ ತಮ್ಮ ಜೊತೆಯಲ್ಲಿಯೇ ನನ್ನನ್ನು ಕರೆದೊಯ್ದು ಟ್ಯಾನರ್ ಭವನವನ್ನು ತೋರಿಸಿದರು. ಇದು 1983ರಲ್ಲಿ ಲೋಕಾರ್ಪಣೆಯಾದ ಕಟ್ಟಡ. ನಡುವೆ ನೆಲದಿಂದ ಛಾವಣಿಯವರೆಗೂ ತೆರೆದ ಅಂಕಣ, ಸುತ್ತಲೂ ಮಹಡಿಗಳು, ಮೇಲಿನಿಂದ ಇಳಿಯುವ ಹಗಲಿನ ಬೆಳಕು. ಹೋಟೆಲು ಉದ್ಯಮದಲ್ಲಿ ವಿಖ್ಯಾತರಾದ ಮ್ಯಾರಿಯಟ್ ದಂಪತಿಗಳ ಹೆಸರನ್ನು ಈ ವ್ಯವಹಾರ ಶಾಲೆಗೆ ಇಡಲಾಗಿದೆ. ಹಾರ್ವರ್ಡಿನಲ್ಲಿ ಬೋಧಿಸಿ ಕೀರ್ತಿಶೇಷರಾದ ಕ್ಲೇಟನ್ ಕ್ರಿಸ್ಟೆನ್ಸನ್ ಈ ವಿಶ್ವವಿದ್ಯಾಲಯದಲ್ಲಿಯೇ ಓದಿದವರು. ಯಶಸ್ಸಿನ ಏಳು ಅಭ್ಯಾಸಗಳ ಮೇಲೆ 1989ರಲ್ಲಿ ಗ್ರಂಥ ಬರೆದು ಮನೆಮಾತಾದ ಸ್ಟೀಫನ್ ಕೋವಿಯವರು ಇಲ್ಲಿ ಪಾಠ ಹೇಳಿದವರು.

ತಮ್ಮ ಕೊಠಡಿಯಲ್ಲಿ ಆ ಪ್ರಾಧ್ಯಾಪಕರು ನನ್ನ ಮುಂದೆ ಕೆಲವು ಹಾಳೆಗಳನ್ನು ಹರಡಿದರು. ಅದು ಅವರ ವೃತ್ತಿವಿಕಾಸದ ಯೋಜನೆ. ನಾನು ಅದನ್ನು ಸಂಕಲ್ಪಪತ್ರವೆಂದು ಕರೆದಾಗ ಅರ್ಥ ಕೇಳಿ ತಿಳಿದುಕೊಂಡು ಸಂತೋಷಪಟ್ಟರು. ಹೊಸದಾಗಿ ಸೇರುವ ಪ್ರತಿಯೊಬ್ಬ ಅಧ್ಯಾಪಕನೂ ಹಿರಿಯ ಸಹೋದ್ಯೋಗಿಯೊಬ್ಬರ ಮಾರ್ಗದರ್ಶನದಲ್ಲಿ ಇಂಥ ಪತ್ರವನ್ನು ಸಿದ್ಧಪಡಿಸಬೇಕು. ತನ್ನ ಬಲವೇನು, ಕೊರತೆಯೇನು, ಯಾವ ಗುರಿಯನ್ನು ಮುಟ್ಟಬೇಕು, ಅದಕ್ಕೆ ಯಾವ ನೆರವು ಬೇಕು ಎಂಬುದನ್ನೆಲ್ಲ ಬಿಡಿಸಿ ಬರೆಯಬೇಕು. ಬೋಧನೆ, ಸಂಶೋಧನೆ, ಪೌರಧರ್ಮ ಎಂದು ಮೂರು ವಿಭಾಗಗಳು. ಮೂರನೆಯ ವರ್ಷದಲ್ಲಿ ಒಮ್ಮೆ, ಆರನೆಯ ವರ್ಷದಲ್ಲಿ ಇನ್ನೊಮ್ಮೆ ಪರಾಮರ್ಶೆ ನಡೆಯುತ್ತದೆ. ಎರಡನೆಯದರಲ್ಲಿ ತೇರ್ಗಡೆಯಾದವರಿಗೆ ಕಾಯಂ ಸ್ಥಾನ. ಆಗದವರು ಬೇರೆ ಊರನ್ನು ಹುಡುಕಿಕೊಳ್ಳಬೇಕು. ಈ ಗೃಹಸ್ಥರಿಗೆ ಅದು ಆರನೆಯ ವರ್ಷವಾಗಿತ್ತು. ಮೂವರು ಮಕ್ಕಳು, ಸಾಲ ಮಾಡಿ ಕೊಂಡ ಮನೆ.

ಮಠದ ಪಾಠಶಾಲೆಯಲ್ಲಿ ಓದಿದ ನನಗೆ ಇಂಥ ಪತ್ರವು ಹೊಸದಾಗಿಯೇ ಕಂಡಿತು. ನಮ್ಮ ಗುರುಗಳು ವ್ಯಾಕರಣವನ್ನು ನಲವತ್ತು ವರ್ಷ ಹೇಳಿದರು. ತಮ್ಮ ಗುರಿಯನ್ನು ಯಾರಿಗೂ ಬರೆದುಕೊಟ್ಟವರಲ್ಲ, ಕೇಳಿದವರೂ ಇರಲಿಲ್ಲ. ಅದರಿಂದ ಕೆಲವರು ಹಿರಿಯ ವಿದ್ವಾಂಸರಾದರು. ಕೆಲವರು ಒಂದೇ ಟಿಪ್ಪಣಿಯನ್ನು ಜೀವಮಾನವಿಡೀ ಓದಿದರು ಎಂಬುದನ್ನೂ ಹೇಳಬೇಕಾಗುತ್ತದೆ.

ಸಂಶೋಧನೆಯ ವಿಭಾಗವು ಬಹು ಕಠೋರವಾದುದು. ವ್ಯವಹಾರಶಾಸ್ತ್ರದಲ್ಲಿ ಶ್ರೇಷ್ಠವೆಂದು ಗಣಿಸುವ ಪತ್ರಿಕೆಗಳ ಪಟ್ಟಿಗಳಿವೆ. ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ಪಟ್ಟಿಯಲ್ಲಿ 50 ಹೆಸರುಗಳು, ಡಲ್ಲಾಸಿನ ವಿಶ್ವವಿದ್ಯಾಲಯವೊಂದರ ಪಟ್ಟಿಯಲ್ಲಿ 24. ಇವುಗಳಲ್ಲಿ ಅಗ್ರಗಣ್ಯವಾದವು ತಮಗೆ ಬಂದ ನೂರು ಲೇಖನಗಳಲ್ಲಿ ಹತ್ತನ್ನು ಸಹ ಸ್ವೀಕರಿಸುವುದಿಲ್ಲ. ಸ್ವೀಕರಿಸಿದ ಲೇಖನವೂ ಎರಡು ಮೂರು ಸಲ ತಿದ್ದುಪಡಿಗೊಂಡು ಅಚ್ಚಾಗುವಷ್ಟರಲ್ಲಿ ವರ್ಷಗಳು ಉರುಳುತ್ತವೆ. ಇದರ ಮೇಲೆ, 1916ರಲ್ಲಿ ಸ್ಥಾಪಿತವಾದ ‘ಎಎಸಿಎಸ್‌ಬಿ’ ಎಂಬ ಮಾನ್ಯತಾ ಸಂಸ್ಥೆಯೂ ಅಧ್ಯಾಪಕರ ಜ್ಞಾನವು ಹಳಸಿಲ್ಲವೆಂಬುದಕ್ಕೆ ಆಧಾರ ಕೇಳುತ್ತದೆ. ಪಿಎಚ್.ಡಿ. ಒಂದನ್ನೇ ತೋರಿಸಿ ಕೂರುವಂತಿಲ್ಲ. ಈಚಿನ ವರ್ಷಗಳಲ್ಲಿ ಏನು ಬರೆದಿರಿ, ಉದ್ಯಮದೊಡನೆ ಯಾವ ಸಂಪರ್ಕ ಇಟ್ಟುಕೊಂಡಿರಿ ಎಂದು ಲೆಕ್ಕ ಒಪ್ಪಿಸಬೇಕು. ಪ್ರಾಧ್ಯಾಪಕರ ಪತ್ರದಲ್ಲಿ ಈ ಭಾಗವು ಅಚ್ಚುಕಟ್ಟಾಗಿತ್ತು. ಎರಡು ಲೇಖನಗಳು, ಸಂಖ್ಯಾಶಾಸ್ತ್ರದ ಒಂದು ಶಿಬಿರ, ಕಾರ್ಖಾನೆಯೊಂದರಲ್ಲಿ ಕ್ಷೇತ್ರಾಧ್ಯಯನ.

ಅವರ ಸಂಕಟವಿದ್ದುದು ಬೇರೆ ಕಡೆ. 1975ರಲ್ಲಿ ವಿದ್ಯಾಲಯಕ್ಕೆ ನೂರು ತುಂಬಿದ ಸಂದರ್ಭದಲ್ಲಿ ಸಭೆಯ ಅಧ್ಯಕ್ಷರಾಗಿದ್ದ ಸ್ಪೆನ್ಸರ್ ಕಿಂಬಲ್ ಅವರು, ಇಲ್ಲಿನ ಅಧ್ಯಾಪಕರು ದ್ವಿಭಾಷಿಗಳಾಗಬೇಕು, ಪಾಂಡಿತ್ಯದ ಭಾಷೆಯನ್ನೂ ಆತ್ಮದ ಭಾಷೆಯನ್ನೂ ಆಡಬಲ್ಲವರಾಗಬೇಕು ಎಂಬ ಅಭಿಪ್ರಾಯವನ್ನು ಮುಂದಿಟ್ಟರು. 1995ರಲ್ಲಿ ಶಿಕ್ಷಣದ ಗುರಿಗಳನ್ನು ನಿರೂಪಿಸುವಾಗ ಆತ್ಮಬಲವರ್ಧನೆಗೆ ಮೊದಲ ಸ್ಥಾನ ಕೊಟ್ಟು, ಬುದ್ಧಿವಿಕಾಸ, ಶೀಲನಿರ್ಮಾಣ, ಜೀವನಪರ್ಯಂತದ ಕಲಿಕೆ ಮತ್ತು ಸೇವೆಗಳನ್ನು ಅನಂತರ ಹೇಳಲಾಯಿತು. ತರಗತಿಯು ಆತ್ಮಕ್ಕೆ ಬಲ ತಂದಿತೇ ಎಂದು ವಿದ್ಯಾರ್ಥಿಗಳ ಮೌಲ್ಯಮಾಪನದಲ್ಲಿಯೂ ಕೇಳುತ್ತಾರೆ.

“ಬಂಡವಾಳದ ಬೆಲೆ ಕಟ್ಟುವುದು ಹೇಗೆಂದು ನನಗೆ ಗೊತ್ತು ಸ್ವಾಮಿ,” ಎಂದರು ಅವರು, “ಇದಕ್ಕೆ ಅಂಕ ಕೊಡುವುದು ಹೇಗೆ?”

ಅದಲ್ಲದೆ ಅಧ್ಯಾಪಕನ ಧರ್ಮಾಚರಣೆಯು ಅಲ್ಲಿ ಕೇವಲ ಖಾಸಗಿ ವಿಷಯವಾಗಿ ಉಳಿದಿಲ್ಲ. ಸಭೆಯ ಸದಸ್ಯರಾದ ನೌಕರರಿಗೆ ಸ್ಥಳೀಯ ಬಿಷಪ್ಪರ ಒಪ್ಪಿಗೆ ಅವಶ್ಯ. ಸಭೆಯ ವಿದ್ಯಾಸಂಸ್ಥೆಗಳಿಗೆ ಹೊಸದಾಗಿ ನೇಮಕವಾಗುವ ಸದಸ್ಯರು ದೇವಾಲಯ ಪ್ರವೇಶದ ಅರ್ಹತಾಪತ್ರವನ್ನು ಪಡೆದಿರಬೇಕೆಂದು 2022ರಲ್ಲಿ ವಿಧಿಸಲಾಯಿತು. ಬಿಷಪ್ಪರೆಂದರೆ ವೇತನ ಪಡೆಯುವ ಪುರೋಹಿತರಲ್ಲ. ಹಲ್ಲಿನ ವೈದ್ಯರೋ ಅಂಗಡಿಕಾರರೋ ಆಗಿದ್ದು ಕೆಲವು ವರ್ಷ ಆ ಸೇವೆಯನ್ನು ನಿರ್ವಹಿಸುವ ನೆರೆಹೊರೆಯ ಗೃಹಸ್ಥರು. ಈ ವ್ಯವಸ್ಥೆಯಲ್ಲಿ ಒಂದು ಸರಳತೆಯಿದೆ. ಆದರೆ ಒಬ್ಬನ ಜೀವನೋಪಾಯವು ಅವನ ಶ್ರದ್ಧೆಯ ಬಗೆಗೆ ಇನ್ನೊಬ್ಬರು ಹಾಕುವ ರುಜುವಿನ ಮೇಲೆ ನಿಲ್ಲುವುದು ನನ್ನ ಮನಸ್ಸಿಗೆ ಸರಿಬರಲಿಲ್ಲ. ವಿಚಾರಸ್ವಾತಂತ್ರ್ಯದ ಪ್ರಶ್ನೆಯಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘವು 1998ರಲ್ಲಿ ಈ ವಿದ್ಯಾಲಯದ ಆಡಳಿತದ ಮೇಲೆ ಖಂಡನೆಯನ್ನು ಸಹ ಹೊರಡಿಸಿತು. ಸಭೆಯು ತನ್ನ ಹಣದಿಂದ ನಡೆಸುವ ಸಂಸ್ಥೆಯು ತನ್ನ ಧ್ಯೇಯಕ್ಕೆ ಬದ್ಧವಾಗಿರಲೆಂದು ಅಪೇಕ್ಷಿಸುವುದು ಸಹಜವೆಂದು ಪ್ರಾಧ್ಯಾಪಕರು ಶಾಂತವಾಗಿ ಉತ್ತರಿಸಿದರು. ಆ ಮಾತಿನಲ್ಲಿಯೂ ಹುರುಳಿಲ್ಲವೆನ್ನಲಾಗದು. ನಾವಿಬ್ಬರೂ ವಾದವನ್ನು ಅಲ್ಲಿಗೇ ಬಿಟ್ಟೆವು.

ಅವರ ಪತ್ರದ ಬೋಧನೆಯ ವಿಭಾಗದಲ್ಲಿ ಒಂದು ವಾಕ್ಯವನ್ನು ಹೊಡೆದುಹಾಕಿದ್ದುದು ನನ್ನ ಕಣ್ಣಿಗೆ ಬಿತ್ತು. ಪ್ರತಿ ಪಾಠದಲ್ಲಿಯೂ ಧರ್ಮಗ್ರಂಥದ ಒಂದು ವಚನವನ್ನು ವಿಷಯಕ್ಕೆ ಜೋಡಿಸುವೆನೆಂದು ಮೊದಲು ಬರೆದಿದ್ದರಂತೆ. ಒಂದು ವರ್ಷ ಹಾಗೆಯೇ ನಡೆದುಕೊಂಡರು. ಸಾಲ ಮತ್ತು ಲಾಭಾಂಶಗಳ ನಡುವೆ ಬಲವಂತವಾಗಿ ತಂದಿರಿಸಿದ ವಚನವು ವಿದ್ಯಾರ್ಥಿಗಳಿಗೂ ಕೃತಕವಾಗಿ ಕಂಡಿತು, ತಮಗೂ ಸಂಕೋಚವೆನಿಸಿತು ಎಂದರು. ಅದರ ಜಾಗದಲ್ಲಿ ಈಗ ಬೇರೆ ಸಂಕಲ್ಪವಿತ್ತು: ಆರು ವಾರಗಳೊಳಗೆ ತರಗತಿಯ ಪ್ರತಿಯೊಬ್ಬರ ಹೆಸರನ್ನೂ ಮನೆಯ ಸ್ಥಿತಿಗತಿಯನ್ನೂ ಅರಿಯುವುದು, ಮೊದಲ ಪರೀಕ್ಷೆಯಲ್ಲಿ ಹಿಂದುಳಿದವರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿಸುವುದು, ಮೋಸದಿಂದ ಲಾಭ ಗಳಿಸಿ ಮುಳುಗಿದ ಕಂಪನಿಗಳ ವೃತ್ತಾಂತವನ್ನು, 2001ರಲ್ಲಿ ದಿವಾಳಿಯೆದ್ದ ಎನ್ರಾನ್ ಮೊದಲುಗೊಂಡು, ಲೆಕ್ಕದ ಪುಸ್ತಕದ ಸಮೇತ ಬಿಡಿಸಿ ತೋರಿಸುವುದು. ದೇವರ ಹೆಸರು ಎಲ್ಲಿಯೂ ಇರಲಿಲ್ಲ. ಹಿರಿಯ ಸಹೋದ್ಯೋಗಿಗಳು ಇದನ್ನು ಓದಿ, ಆತ್ಮಬಲದ ಅಂಶವೆಲ್ಲಿ ಎಂದು ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಅದಕ್ಕೆ ಉತ್ತರ ಬರೆಯುವುದೇ ಅವರಿಗೆ ಉಳಿದಿದ್ದ ಕೆಲಸ.

ನನ್ನ ಅಭಿಪ್ರಾಯವನ್ನು ಕೇಳಿದರು. ಹೊಡೆದುಹಾಕಿದ ವಾಕ್ಯವನ್ನು ಮತ್ತೆ ಸೇರಿಸಬೇಡಿರೆಂದೂ, ಹಿಂದುಳಿದ ಹುಡುಗನನ್ನು ಕರೆದು ಕೂರಿಸಿಕೊಳ್ಳುವ ಆ ಅರ್ಧ ಗಂಟೆಯೇ ಪ್ರಶ್ನೆಗೆ ಉತ್ತರವೆಂದು ಅಂಚಿನಲ್ಲಿಯೇ ಬರೆದುಬಿಡಿರೆಂದೂ ಹೇಳಿದೆ. ಅವರು ನಕ್ಕು, ಸಮಿತಿಯವರು ಇದಕ್ಕೆ ಏನೆನ್ನುವರೋ ಎಂದು ಹಾಳೆಗಳನ್ನು ಜೋಡಿಸಿಕೊಂಡರು. ಅಷ್ಟರಲ್ಲಿ ಬಾಗಿಲ ಬಳಿ ಇಬ್ಬರು ವಿದ್ಯಾರ್ಥಿಗಳು ಕಾದು ನಿಂತಿದ್ದರು. ನಾನು ಎದ್ದು ಅವರಿಗೆ ಆಸನ ಬಿಟ್ಟುಕೊಟ್ಟು ಹೊರಗೆ ಬಂದೆ.